'ಬನುವ': ಆಸ್ಟ್ರೋನೇಷ್ಯನ್ ಭಾಷೆಗಳಲ್ಲಿ ಒಂದು ಮೂಲಪದದ ವಂಶಾವಳಿ

1769ರ ಅಕ್ಟೋಬರ್ ತಿಂಗಳಲ್ಲಿ ಜೇಮ್ಸ್ ಕುಕ್‌ನ 'ಎಂಡೆವರ್' ಹಡಗು ನ್ಯೂಜಿಲೆಂಡಿನ ಪೂರ್ವ ಕರಾವಳಿಯನ್ನು ತಲುಪಿತು. ಆ ಹಡಗಿನಲ್ಲಿ ತುಪಾಯಿಯ ಎಂಬ ಅರ್ಚಕನೂ ನಾವಿಕನೂ ಆದ ವಿದ್ವಾಂಸನೊಬ್ಬನಿದ್ದನು. ರೈಯತೆಯ ದ್ವೀಪದಲ್ಲಿ ಹುಟ್ಟಿದ್ದ ಅವನು ತಹೀತಿಯಲ್ಲಿ ಹಡಗನ್ನು ಹತ್ತಿದ್ದನು. ತಹೀತಿಗೂ ನ್ಯೂಜಿಲೆಂಡಿಗೂ ನಡುವೆ ಸುಮಾರು 4000 ಕಿಲೋಮೀಟರುಗಳ ತೆರೆದ ಸಮುದ್ರವಿದೆ. ಆದರೂ ದಡದಲ್ಲಿ ನಿಂತಿದ್ದ ಮಾವೋರಿ ಯೋಧರನ್ನು ತುಪಾಯಿಯ ತನ್ನ ಭಾಷೆಯಲ್ಲಿಯೇ ಮಾತನಾಡಿಸಿದಾಗ ಅವರಿಗೆ ಅದು ಅರ್ಥವಾಯಿತು. ಹಡಗಿನಲ್ಲಿದ್ದ ಆಂಗ್ಲರು ಇದನ್ನು ಬೆರಗಿನಿಂದ ದಾಖಲಿಸಿದ್ದಾರೆ. ಮಾತು ತಿಳಿದಿದ್ದರೂ ಆ ಮೊದಲ ಭೇಟಿ ಶಾಂತವಾಗಿ ಮುಗಿಯಲಿಲ್ಲ. ಗುಂಡಿನ ದಾಳಿಗೆ ಕೆಲವು ಮಾವೋರಿಗಳು ಬಲಿಯಾದರು. ಪದದ ಪರಿಚಯವೇ ಬೇರೆ, ಅದರ ಹಿಂದಿರುವ ಲೋಕದ ಪರಿಚಯವೇ ಬೇರೆ ಎಂಬುದಕ್ಕೆ ಆ ಕರಾವಳಿಯ ಮುಂದಿನ ಇತಿಹಾಸವೆಲ್ಲ ಸಾಕ್ಷಿಯಾಗಿದೆ.

ಮಾವೋರಿ ಭಾಷೆಯಲ್ಲಿ ನೆಲಕ್ಕೆ 'ಫೆನುವ' ಎಂಬ ಪದವಿದೆ. ತಹೀತಿ ಭಾಷೆಯಲ್ಲಿಯೂ ಅದು 'ಫೆನುವ'ವೇ. ಸಮೋವದಲ್ಲಿ 'ಫನುವ', ತೊಂಗದಲ್ಲಿ 'ಫೊನುವ', ಹವಾಯಿಯಲ್ಲಿ 'ಹೊನುವ', ರಾಪಾನುಯಿ ಎಂಬ ಈಸ್ಟರ್ ದ್ವೀಪದಲ್ಲಿ 'ಹೆನುವ', ಫಿಜಿಯಲ್ಲಿ 'ವನುವ'. ಪಶ್ಚಿಮಕ್ಕೆ ಬಂದರೆ ಪಾಪುವ ನ್ಯೂಗಿನಿಯ ಮೋಟು ಭಾಷೆಯಲ್ಲಿ 'ಹನುವ', ಹಳೆಯ ಜಾವಾ ಭಾಷೆಯಲ್ಲಿ 'ವನುವ', ಸುಲವೇಸಿಯ ತೊರಾಜ ಭಾಷೆಯಲ್ಲಿ 'ಬನುವ', ಮಲಯ ಭಾಷೆಯಲ್ಲಿ 'ಬೆನುವ', ಫಿಲಿಪ್ಪೀನ್ಸಿನ ಹಿಲಿಗೈನೋನ್ ಭಾಷೆಯಲ್ಲಿ 'ಬನ್ವ'. ರೂಪಗಳು ಒಂದನ್ನೊಂದು ಹೋಲುತ್ತವೆ. ಅರ್ಥಗಳು ಮಾತ್ರ ಹಾಗಿಲ್ಲ. ಒಂದೆಡೆ ಹಳ್ಳಿ, ಒಂದೆಡೆ ಪಟ್ಟಣ, ಒಂದೆಡೆ ಮನೆ, ಒಂದೆಡೆ ಖಂಡ, ಒಂದೆಡೆ ಆಕಾಶ, ಮತ್ತೊಂದೆಡೆ ಗರ್ಭವೇಷ್ಟನದ ಮಾಸು. ಇವೆಲ್ಲವೂ ಒಂದೇ ಪದದ ಸಂತತಿಯೇ? ಹೌದಾದರೆ ಆ ಮೂಲಪದದ ಅರ್ಥವೇನಿತ್ತು? ಈ ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸಬಹುದು.

ಭಾಷಾಕುಲದ ವ್ಯಾಪ್ತಿ

ಉತ್ತರದಲ್ಲಿ ತೈವಾನಿನಿಂದ ದಕ್ಷಿಣದಲ್ಲಿ ನ್ಯೂಜಿಲೆಂಡಿನವರೆಗೆ, ಪಶ್ಚಿಮದಲ್ಲಿ ಮಡಗಾಸ್ಕರಿನಿಂದ ಪೂರ್ವದಲ್ಲಿ ರಾಪಾನುಯಿಯವರೆಗೆ ಹರಡಿರುವ ಸಾವಿರದ ಇನ್ನೂರಕ್ಕೂ ಮಿಕ್ಕ ಭಾಷೆಗಳು ಒಂದೇ ಕುಲಕ್ಕೆ ಸೇರಿವೆ. ಲ್ಯಾಟಿನ್ನಿನ 'ದಕ್ಷಿಣ ಮಾರುತ' ಮತ್ತು ಗ್ರೀಕಿನ 'ದ್ವೀಪ' ಎಂಬರ್ಥದ ಪದಗಳನ್ನು ಕೂಡಿಸಿ ಈ ಕುಲಕ್ಕೆ 'ಆಸ್ಟ್ರೋನೇಷ್ಯನ್' ಎಂಬ ಹೆಸರನ್ನು ಕಟ್ಟಿದವರು ವಿಲ್‌ಹೆಲ್ಮ್ ಶ್ಮಿಟ್. ಆದರೆ ಈ ಭಾಷೆಗಳ ನಡುವಣ ಹೋಲಿಕೆ ಅದಕ್ಕೂ ಬಹಳ ಮೊದಲೇ ಕಣ್ಣಿಗೆ ಬಿದ್ದಿತ್ತು. ಡಚ್ ವಿದ್ವಾಂಸ ಹಾಡ್ರಿಯಾನ್ ರೇಲಾಂಡ್ 1708ರಲ್ಲಿಯೇ ಮಡಗಾಸ್ಕರ್, ಮಲಯ ಮತ್ತು ಪೆಸಿಫಿಕ್ ದ್ವೀಪಗಳ ಪದಗಳಲ್ಲಿನ ಸಾಮ್ಯವನ್ನು ಗುರುತಿಸಿದ್ದರು. ಜಾವಾದ ಕವಿ ಭಾಷೆಯನ್ನು ಕುರಿತು ವಿಲ್‌ಹೆಲ್ಮ್ ಫಾನ್ ಹಂಬೋಲ್ಟ್ ರಚಿಸಿದ ಬೃಹದ್ಗ್ರಂಥವು 1836ರಿಂದ 1839ರ ಅವಧಿಯಲ್ಲಿ ಪ್ರಕಟವಾಯಿತು. ಸಂಸ್ಕೃತ ವಿದ್ವಾಂಸರಾಗಿ ಕಾಶಿಯಲ್ಲಿಯೂ ಕೆಲಸಮಾಡಿದ್ದ ಹೆಂಡ್ರಿಕ್ ಕೆರ್ನ್ ಈ ಅಧ್ಯಯನವನ್ನು ಮುಂದುವರಿಸಿದರು. ವೃತ್ತಿಯಿಂದ ವೈದ್ಯರಾಗಿದ್ದ ಜರ್ಮನ್ ವಿದ್ವಾಂಸ ಓಟೋ ಡೆಂಪ್‌ವೋಲ್ಫ್ 1934ರಿಂದ 1938ರವರೆಗೆ ಹೊರತಂದ ಮೂರು ಸಂಪುಟಗಳಲ್ಲಿ ಮೂಲಭಾಷೆಯ ಧ್ವನಿವ್ಯವಸ್ಥೆಯನ್ನು ಶಾಸ್ತ್ರೀಯವಾಗಿ ಪುನಾರಚಿಸಿದರು. ಹವಾಯಿ ವಿಶ್ವವಿದ್ಯಾಲಯದ ರಾಬರ್ಟ್ ಬ್ಲಸ್ಟ್ (1940–2022) ದಶಕಗಳ ಕಾಲ ದುಡಿದು ಈ ಕುಲದ ತೌಲನಿಕ ನಿಘಂಟನ್ನು ಕಟ್ಟಿದರು. 'ಬನುವ'ದ ಕಥೆಗೆ ಮುಖ್ಯ ಆಧಾರವು ಈ ಪರಂಪರೆಯೇ.

ಧ್ವನಿನಿಯಮದ ಸಾಕ್ಷ್ಯ

ಎರಡು ಭಾಷೆಗಳ ಪದಗಳು ಕಿವಿಗೆ ಒಂದೇ ತೆರನಾಗಿ ಕೇಳಿಸಿದ ಮಾತ್ರಕ್ಕೆ ಅವು ಜ್ಞಾತಿಪದಗಳಾಗುವುದಿಲ್ಲ. ಮಲಯದಲ್ಲಿ ಕಣ್ಣಿಗೆ 'ಮತ', ಆಧುನಿಕ ಗ್ರೀಕಿನಲ್ಲಿ 'ಮಾತಿ'. ಇದು ಕೇವಲ ಆಕಸ್ಮಿಕ. ಹೋಲಿಕೆಯು ಸಂಬಂಧವಾಗಬೇಕಾದರೆ ಅದು ನಿಯಮಬದ್ಧವಾಗಿರಬೇಕು. ಒಂದು ಪದದಲ್ಲಿ ಕಂಡ ಧ್ವನಿವ್ಯತ್ಯಾಸವು ಅಂಥದೇ ಇತರ ಪದಗಳಲ್ಲಿಯೂ ಮರುಕಳಿಸಬೇಕು.

ಕಲ್ಲಿಗೆ ಮಲಯದಲ್ಲಿ 'ಬತು', ಜಾವಾದಲ್ಲಿ 'ವತು', ಫಿಜಿಯಲ್ಲಿ 'ವತು'. ಸಮೋವದಲ್ಲಿ ಇದು 'ಫತು' ಆಗಿ ಬೀಜ, ಹೃದಯ ಎಂಬ ಅರ್ಥಗಳನ್ನೂ ತಳೆದಿದೆ. ಮಾವೋರಿಯಲ್ಲಿ 'ಫತು'. ತಕಾರವು ಕಕಾರವಾಗುವ ಹವಾಯಿ ಭಾಷೆಯಲ್ಲಿ ಅದು 'ಹಕು'. ಕಲ್ಲು ಎಂಬರ್ಥದ 'ಪೋಹಕು' ಎಂಬ ಪದದಲ್ಲಿ ಇದು ಉಳಿದಿದೆ. ಕಟ್ಟಡವನ್ನು ಸೂಚಿಸುವ ಇನ್ನೊಂದು ಪದವನ್ನು ನೋಡಿದರೂ ಇದೇ ಸಾಲು ಕಾಣುತ್ತದೆ: ಮಲಯದಲ್ಲಿ ಸಭಾಮಂದಿರ ಎಂಬರ್ಥದ 'ಬಲೈ', ಫಿಜಿಯ 'ವಲೆ', ಸಮೋವದ 'ಫಲೆ', ಮಾವೋರಿಯ 'ಫರೆ', ಹವಾಯಿಯ 'ಹಲೆ'. ಈ ಪೂರ್ವಭಾಷೆಗಳಲ್ಲಿ ಮನೆ ಎಂಬುದೇ ಇದರ ಅರ್ಥ. ಮಲಯದ ಬಕಾರ, ಫಿಜಿಯ ವಕಾರ, ಸಮೋವ ಮತ್ತು ಮಾವೋರಿಗಳ ಫಕಾರ, ಹವಾಯಿಯ ಹಕಾರಗಳು ಹೀಗೆ ಪದದಿಂದ ಪದಕ್ಕೆ ಒಂದಕ್ಕೊಂದು ಉತ್ತರ ಕೊಡುತ್ತವೆ. 'ಬೆನುವ', 'ವನುವ', 'ಫನುವ', 'ಫೆನುವ', 'ಹೊನುವ'ಗಳ ಆದ್ಯಕ್ಷರಗಳೂ ಈ ಸಾಲಿನಲ್ಲಿಯೇ ನಿಲ್ಲುತ್ತವೆ. ಮೂರು ಅಕ್ಷರಗಳ ಪದದ ಮೊದಲ ಅಕಾರವು ಮಲಯದಲ್ಲಿ ದುರ್ಬಲಗೊಳ್ಳುವುದರಿಂದ 'ಬನುವ'ವು ಅಲ್ಲಿ 'ಬೆನುವ' ಆಯಿತು.

ಹಳಗನ್ನಡವನ್ನು ಬಲ್ಲವರಿಗೆ ಈ ಪ್ರಕ್ರಿಯೆ ಅಪರಿಚಿತವೇನಲ್ಲ. 'ಪಾಲ್' ಹಾಲಾದುದು, 'ಪೂ' ಹೂವಾದುದು, 'ಪಳ್ಳಿ' ಹಳ್ಳಿಯಾದುದು ಇಂಥದೇ ಒಂದು ನಿಯಮದಿಂದ. ಪೆಸಿಫಿಕ್ ಭಾಷೆಗಳಲ್ಲಿಯೂ ಹಕಾರಕ್ಕೆ ಹೋಗುವ ದಾರಿ ಪಕಾರದ ಮೂಲಕವೇ ಸಾಗಿದೆ. ಫಿಜಿ, ಸಮೋವ, ಹವಾಯಿ ಮೊದಲಾದ ಭಾಷೆಗಳ ಸಮಾನ ಪೂರ್ವಜೆಯಾದ ಆದಿ ಓಷಿಯಾನಿಕ್ ಭಾಷೆಯಲ್ಲಿ ಹಿಂದಿನ ಬಕಾರ ಮತ್ತು ಪಕಾರಗಳೆರಡೂ ಬೆರೆತು ಪಕಾರವೊಂದೇ ಉಳಿಯಿತು. ಆದುದರಿಂದಲೇ ಮೂಲದಲ್ಲಿ ಪಕಾರವಿದ್ದ, 'ಏಳು' ಎಂಬರ್ಥದ 'ಪಿತು' ಎಂಬ ಸಂಖ್ಯಾವಾಚಕವೂ ಫಿಜಿಯಲ್ಲಿ 'ವಿತು', ಸಮೋವದಲ್ಲಿ 'ಫಿತು', ಹವಾಯಿಯಲ್ಲಿ 'ಹಿಕು' ಎಂದಾಗಿದೆ.

ಇಂತಹ ಸಾಕ್ಷ್ಯಗಳ ಬಲದ ಮೇಲೆ ವಿದ್ವಾಂಸರು '*ಬನುವ' ಎಂಬ ಮೂಲರೂಪವನ್ನು ಪುನಾರಚಿಸಿದ್ದಾರೆ. ಪದದ ಹಿಂದಿನ ನಕ್ಷತ್ರಚಿಹ್ನೆಯು ಆ ರೂಪವು ಯಾವ ಬರಹದಲ್ಲಿಯೂ ದೊರೆತದ್ದಲ್ಲ, ಊಹಿಸಿ ಪಡೆದದ್ದು ಎಂಬುದನ್ನು ಸೂಚಿಸುತ್ತದೆ. ಈ ಪದವನ್ನು ಎಷ್ಟು ಹಿಂದಕ್ಕೆ ಒಯ್ಯಬಹುದು ಎಂಬುದಕ್ಕೂ ಒಂದು ಮಿತಿಯುಂಟು. ಆಸ್ಟ್ರೋನೇಷ್ಯನ್ ಕುಲದ ಅತ್ಯಂತ ಪ್ರಾಚೀನ ಕವಲುಗಳು ತೈವಾನಿನಲ್ಲಿವೆ. ಆದರೆ ಅಲ್ಲಿನ ಮೂಲನಿವಾಸಿಗಳ ಭಾಷೆಗಳಲ್ಲಿ 'ಬನುವ'ದ ಸಂತತಿ ಕಂಡುಬಂದಿಲ್ಲ. ತೈವಾನಿನಿಂದ ಹೊರಟು ದಕ್ಷಿಣದ ದ್ವೀಪಗಳಿಗೆ ಬಂದವರ ಭಾಷೆಯನ್ನು ಆದಿ ಮಲಯೋ-ಪಾಲಿನೇಷ್ಯನ್ ಎನ್ನುತ್ತಾರೆ. '*ಬನುವ'ವು ಸುಮಾರು 4000 ವರ್ಷಗಳ ಹಿಂದಿನ ಆ ಹಂತಕ್ಕೆ ಸಲ್ಲುತ್ತದೆ. ಅದು ಆ ಹಂತದಲ್ಲಿ ಹೊಸದಾಗಿ ಹುಟ್ಟಿರಬಹುದು, ಇಲ್ಲವೇ ಹಿಂದೆಯೇ ಇದ್ದು ತೈವಾನಿನ ಕವಲುಗಳಲ್ಲೆಲ್ಲ ಲುಪ್ತವಾಗಿರಬಹುದು. ತೌಲನಿಕ ಪದ್ಧತಿಯು ಈ ಎರಡರಲ್ಲಿ ಒಂದನ್ನು ಆಯ್ದುಕೊಡಲಾರದು.

ಶಾಸನಗಳಲ್ಲಿ 'ವನುವ'

ಊಹಿತ ಮೂಲರೂಪಕ್ಕೆ ಬರಹದ ಆಧಾರವಿಲ್ಲವಾದರೂ ಅದರ ಸಂತತಿಗೆ ಪ್ರಾಚೀನ ಶಾಸನಾಧಾರಗಳಿವೆ. ಸುಮಾತ್ರದ ಪಾಲೆಂಬಾಂಗ್ ಬಳಿ 1920ರಲ್ಲಿ ದೊರೆತ ಕೆಡುಕನ್ ಬುಕಿತ್ ಶಾಸನವು ಶಕವರ್ಷ 605ಕ್ಕೆ, ಎಂದರೆ ಕ್ರಿ.ಶ. ಏಳನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದೆ. ದಕ್ಷಿಣ ಭಾರತದಿಂದ ಹೋದ ಪಲ್ಲವ ಲಿಪಿಯಲ್ಲಿ, ಹಳೆಯ ಮಲಯ ಭಾಷೆಯಲ್ಲಿ ಇದನ್ನು ಕೊರೆಯಲಾಗಿದೆ. ದಪುಂತ ಹಿಯಾಂಗ್ ಎಂಬ ಒಡೆಯನು ಇಪ್ಪತ್ತು ಸಾವಿರ ಸೈನ್ಯದೊಡನೆ ಕೈಗೊಂಡ ಯಾತ್ರೆಯನ್ನು ಹೇಳಿ, ಅವನು 'ವನುವ'ವನ್ನು ನಿರ್ಮಿಸಿದನೆಂದು ಶಾಸನವು ತಿಳಿಸುತ್ತದೆ. ಶ್ರೀವಿಜಯದ ಹೆಸರೂ ಅಲ್ಲಿದೆ. ಈ 'ವನುವ'ವನ್ನು ಕೆಲವರು ನಗರವೆಂದು, ಕೆಲವರು ನೆಲೆಬೀಡೆಂದು, ಕೆಲವರು ನಾಡೆಂದು ಅರ್ಥೈಸಿದ್ದಾರೆ. ಶ್ರೀವಿಜಯ ರಾಜ್ಯದ ಉಗಮವನ್ನು ಕುರಿತ ಚರ್ಚೆಯ ಒಂದು ಭಾಗವು ಈ ಒಂದು ಪದದ ಅರ್ಥನಿರ್ಣಯದ ಮೇಲೆ ನಿಂತಿದೆ.

ಮಧ್ಯ ಜಾವಾದ ಒಂಬತ್ತು, ಹತ್ತನೆಯ ಶತಮಾನಗಳ ದಾನಶಾಸನಗಳಲ್ಲಿ 'ವನುವ'ವು ಸ್ಪಷ್ಟವಾಗಿ ಗ್ರಾಮವಾಚಕವಾಗಿದೆ. ಅರಸನು ಒಂದು ವನುವವನ್ನು ಕರಮುಕ್ತವಾದ 'ಸೀಮ'ವಾಗಿ ಮಾಡಿಕೊಡುತ್ತಾನೆ. ಊರ ಜನರನ್ನು 'ಅನಕ್ ವನುವ', ಎಂದರೆ ವನುವದ ಮಕ್ಕಳು, ಎಂದು ಕರೆಯಲಾಗಿದೆ. ಕನ್ನಡ ನಾಡಿನ ಶಾಸನಗಳ ಊರೊಡೆಯರನ್ನೂ ಒಕ್ಕಲನ್ನೂ ಓದಿಬಲ್ಲವರಿಗೆ ಈ ಪ್ರಯೋಗದ ಸ್ವಾರಸ್ಯ ಕೂಡಲೇ ತಿಳಿಯುತ್ತದೆ. ಇಲ್ಲಿ ಗ್ರಾಮವು ಭೂಪಟದ ಮೇಲಿನ ಒಂದು ತುಂಡು ಮಾತ್ರವಲ್ಲ. ತನ್ನದೇ ಮಕ್ಕಳುಳ್ಳ ಒಂದು ಸಮುದಾಯ.

ಮುಂದೆ ಈ ಅರ್ಥಕ್ಷೇತ್ರವನ್ನು ಸಂಸ್ಕೃತದ ಪದಗಳು ಆಕ್ರಮಿಸಿದವು. ಜಾವಾದಲ್ಲಿ ಹಳ್ಳಿಗೆ 'ದೇಸ' ಎಂಬ ಹೆಸರು ನೆಲೆಯೂರಿತು. ಅದು ನಮ್ಮ 'ದೇಶ'ವೇ. ಮಲಯದಲ್ಲಿ ನಾಡಿಗೆ 'ನೆಗೆರಿ' ಎಂಬ ಪದ ಬಂತು. ಅದು ನಮ್ಮ 'ನಗರಿ'. ಸಂಸ್ಕೃತದ ದೇಶವು ಜಾವಾದಲ್ಲಿ ಅರ್ಥಸಂಕೋಚಗೊಂಡು ಹಳ್ಳಿಯಾಯಿತು. ಪಟ್ಟಣವಾಚಿಯು ಮಲಯದಲ್ಲಿ ಅರ್ಥವಿಸ್ತಾರಗೊಂಡು ರಾಜ್ಯವಾಯಿತು. ದೇಶೀಯವಾದ 'ಬೆನುವ'ವಾದರೋ ದೂರದ ನಾಡುಗಳ ಕಡೆಗೆ ಸರಿಯಿತು. ಹಳೆಯ ಮಲಯ ಕೃತಿಗಳಲ್ಲಿ ಭಾರತವನ್ನು 'ಬೆನುವ ಕೆಲಿಂಗ್' ಎಂದು ಕರೆದಿರುವುದುಂಟು. 'ಕೆಲಿಂಗ್' ಎಂಬುದು ಕಳಿಂಗದಿಂದ ಬಂದ ಹೆಸರು. ಅಂತೆಯೇ ಚೀನಾ ದೇಶವು 'ಬೆನುವ ಚಿನ'. ಹೀಗೆ ವಿಶಾಲ ಭೂಭಾಗಗಳಿಗೆ ಸಂದ ಪದವೇ ಇಂದು ಇಂಡೋನೇಷ್ಯ ಮತ್ತು ಮಲೇಷ್ಯಗಳ ಭೂಗೋಳದ ಪಠ್ಯಗಳಲ್ಲಿ 'ಖಂಡ' ಎಂಬ ಪಾರಿಭಾಷಿಕ ಅರ್ಥದಲ್ಲಿ ನಿಂತಿದೆ. ಹಳ್ಳಿಯನ್ನು ಹೇಳುತ್ತಿದ್ದ ಪದದ ಒಡಹುಟ್ಟಿದ ಪದವು ಏಷ್ಯಾ ಖಂಡವನ್ನು ಹೇಳುವಂತಾದುದು ಹೀಗೆ.

ಮನೆ, ಆಕಾಶ, ವರ್ಷ, ರಾತ್ರಿ

ಗ್ರಾಮದಿಂದ ಖಂಡದವರೆಗಿನ ದಾರಿಯನ್ನು ಊಹಿಸುವುದು ಕಷ್ಟವಲ್ಲ. ತೊಡಕಿರುವುದು ಉಳಿದ ಅರ್ಥಗಳಲ್ಲಿ. ತೊರಾಜ ಭಾಷೆಯಲ್ಲಿ 'ಬನುವ' ಎಂದರೆ ಮನೆ. ಸುಮಾತ್ರದ ತೋಬ ಬತಕ್ ಜನರ ನಂಬಿಕೆಯಲ್ಲಿ ಮೇಲಿನ, ನಡುವಿನ ಮತ್ತು ಕೆಳಗಿನ ಮೂರು ಲೋಕಗಳಿಗೂ 'ಬನುವ' ಎಂಬುದೇ ಹೆಸರು: 'ಬನುವ ಗಿಂಜಾಂಗ್', 'ಬನುವ ತೊಂಗ', 'ಬನುವ ತೊರು'. ನಿಯಾಸ್ ದ್ವೀಪದಲ್ಲಿ ಹಳ್ಳಿಗೂ ಆಕಾಶಕ್ಕೂ ಇದೊಂದೇ ಪದ. ಫಿಲಿಪ್ಪೀನ್ಸಿನ ಕಪಂಪಾಂಗನ್ ಭಾಷೆಯಲ್ಲಿ ಆಕಾಶ, ಸ್ವರ್ಗ ಎಂಬ ಅರ್ಥದ ಜೊತೆಗೆ ವರ್ಷ ಎಂಬ ಅರ್ಥವೂ ಸೇರಿದೆ; ಅಲ್ಲಿನ ಹೊಸ ವರ್ಷದ ಶುಭಾಶಯದಲ್ಲಿ ಕೇಳಿಬರುವ 'ಬನುವ'ವು ಇದೇ. ಮೋಟು ಭಾಷೆಯಲ್ಲಿ 'ಹನುವ' ಹಳ್ಳಿ. ಪಾಪುವ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೋರ್ಸ್‌ಬಿಯಲ್ಲಿರುವ 'ಹನುವಬಡ' ಎಂದರೆ ದೊಡ್ಡ ಹಳ್ಳಿ. ಆದರೆ ಅದೇ ಭಾಷೆಯಲ್ಲಿ 'ಹನುವಬೋಯಿ' ಎಂದರೆ ರಾತ್ರಿ.

ಇಷ್ಟು ಭಿನ್ನವಾದ ಅರ್ಥಗಳನ್ನು ಎದುರಿಟ್ಟುಕೊಂಡು ಮೂಲಾರ್ಥವನ್ನು ನಿರ್ಣಯಿಸುವುದು ಹೇಗೆ? ಬಹುಮತದಿಂದ ಅರ್ಥವನ್ನು ಆರಿಸಿದರೆ 'ನೆಲ' ಎಂದು ಬರೆದು ಮುಗಿಸಬಹುದು. ಬ್ಲಸ್ಟ್ ಅವರು 1987ರಲ್ಲಿ ಆಸ್ಟ್ರೋನೇಷ್ಯನ್ನಿನ ಮನೆವಾಚಕ ಪದಗಳನ್ನು ಕುರಿತು ಬರೆದ ಲೇಖನದಲ್ಲಿ ಈ ಸುಲಭದ ದಾರಿಯನ್ನು ಹಿಡಿಯಲಿಲ್ಲ. ಒಂದು ಮೂಲಪದದ ಅರ್ಥವನ್ನು ಅದರ ನೆರೆಯ ಪದಗಳೊಡನೆ ಇಟ್ಟು ನೋಡಬೇಕೆಂಬುದು ಅವರ ವಾದದ ತಿರುಳು. ಆ ಪೂರ್ವಜ ಭಾಷೆಯಲ್ಲಿ ವಾಸದ ಮನೆಗೆ ಬೇರೆ ಪದವಿತ್ತು. ಮಲಯದ 'ರುಮಹ್' ಅದರ ಸಂತತಿ. 'ಬಲೈ', 'ವಲೆ', 'ಫಲೆ'ಗಳ ಮೂಲವೂ ಕಟ್ಟಡವಾಚಿಯೇ. ಮಣ್ಣಿಗೆ ಮತ್ತೊಂದು ಪದವಿತ್ತು. ಮಲಯದ 'ತನಹ್' ಅಲ್ಲಿಂದ ಬಂದದ್ದು. ಆದುದರಿಂದ '*ಬನುವ'ವು ಕಟ್ಟಡವೂ ಅಲ್ಲ, ಬರಿಯ ಮಣ್ಣೂ ಅಲ್ಲ. ಒಂದು ಜನಸಮುದಾಯ, ಅದು ನೆಲೆನಿಂತ ಪ್ರದೇಶ, ಅಲ್ಲಿನ ಗಿಡಮರ ಪ್ರಾಣಿಗಳು, ಅದರ ಬಾಳನ್ನು ಹೊರುವ ಸಮಸ್ತ ಪರಿಸರ ಇವೆಲ್ಲವನ್ನೂ ಒಳಗೊಂಡ ಪರಿಕಲ್ಪನೆ ಅದು ಎಂದು ಅವರು ನಿರ್ಣಯಿಸಿದರು.

ಈ ಅರ್ಥವನ್ನು ಒಪ್ಪಿದರೆ ಚದುರಿದಂತೆ ಕಂಡ ಅರ್ಥಗಳು ಹತ್ತಿರ ಬರುತ್ತವೆ. ಸುತ್ತಲಿನ ಲೋಕವೇ 'ಬನುವ'ವಾದಾಗ ಕತ್ತಲಾಯಿತೆನ್ನಲು 'ಬನುವ ಕತ್ತಲಾಯಿತು' ಎನ್ನುವುದು ಸಹಜ. ಮೋಟುವಿನ ರಾತ್ರಿ ಹಾಗೆ ರೂಪುಗೊಂಡದ್ದು. ಲೋಕವು ಮೇಲಕ್ಕೆ ಚಾಚಿದಾಗ ಆಕಾಶ. ಬತಕರಲ್ಲಿ ಅದು ಮೂರು ಅಂತಸ್ತಿನ ವಿಶ್ವ. ಋತುಗಳ ಒಂದು ಸುತ್ತು ಮುಗಿದಾಗ ವರ್ಷ. ಒಂದು ಮನೆತನದ ಸಮುದಾಯವು ತಾನು ವಾಸಿಸುವ ಮನೆಯಲ್ಲಿಯೇ ತನ್ನ ಗುರುತನ್ನು ಕಂಡ ತೊರಾಜದಲ್ಲಿ ಅದು ಮನೆಯಾಯಿತು. ಕನ್ನಡದ 'ಊರು' ಎಂಬ ಪದವನ್ನು ನೆನೆದರೆ ಇದು ಇನ್ನಷ್ಟು ತಿಳಿಯಾಗುತ್ತದೆ. 'ಊರು ಸೇರಿತು' ಎಂದರೆ ಜನ ಸೇರಿದರು. 'ಊರು ಬಂತು' ಎಂದರೆ ಸ್ಥಳ ಬಂತು. 'ಊರು ಮಲಗಿತು' ಎಂದರೆ ಇರುಳಾಯಿತು. ಮೂರೂ ಬೇರೆ ಬೇರೆ ಪದಗಳೆಂದು ಕನ್ನಡಿಗರು ಎಂದೂ ಭಾವಿಸುವುದಿಲ್ಲ.

ನೆಲ ಮತ್ತು ಮಾಸು

ಪಾಲಿನೇಷ್ಯದಲ್ಲಿ ಈ ಪದವು ಇನ್ನೊಂದು ಗಾಢವಾದ ಅರ್ಥವನ್ನು ಪಡೆಯಿತು. ಮಾವೋರಿಯ 'ಫೆನುವ' ನೆಲವೂ ಹೌದು, ಹೆರಿಗೆಯ ನಂತರ ಬೀಳುವ ಮಾಸೂ ಹೌದು. ಸಮೋವದ 'ಫನುವ', ತೊಂಗದ 'ಫೊನುವ'ಗಳಲ್ಲಿಯೂ ಈ ಎರಡರ್ಥಗಳಿವೆ. ತಹೀತಿಯಲ್ಲಿ ಮಾಸಿಗೆ 'ಪೂಫೆನುವ' ಎಂಬ ಸಮಾಸವಿದೆ. ಮಗುವಿನ ಮಾಸನ್ನು ಕುಟುಂಬದ ನೆಲದಲ್ಲಿ ಹೂಳುವುದು ಮಾವೋರಿಗಳ ಆಚಾರ. ಫೆನುವವು ಫೆನುವಕ್ಕೆ ಮರಳುತ್ತದೆ. ತೊಂಗದಲ್ಲಿ 'ಫೊನುವಲೊತೊ' ಎಂದರೆ ಗೋರಿ. ಹೀಗೆ ಗರ್ಭದಲ್ಲಿ ಶಿಶುವನ್ನು ಪೋಷಿಸುವುದು, ಬದುಕಿನಲ್ಲಿ ಜನರನ್ನು ಪೋಷಿಸುವುದು, ಸತ್ತಮೇಲೆ ಒಡಲೊಳಗೆ ಇಟ್ಟುಕೊಳ್ಳುವುದು ಮೂರೂ ಒಂದೇ ಹೆಸರಿನ ಆಶ್ರಯದಲ್ಲಿವೆ. ಆದರೆ ಸಂಶೋಧಕರು ಇಲ್ಲಿ ಎಚ್ಚರ ವಹಿಸಬೇಕು. ಮಾಸು ಎಂಬ ಅರ್ಥವು ಪಾಲಿನೇಷ್ಯದ ಕವಲಿನಲ್ಲಿ ನೆಲೆಗೊಂಡದ್ದು. ಅದನ್ನು ಹಿಂದಕ್ಕೆಳೆದು 4000 ವರ್ಷಗಳ ಹಿಂದಿನ '*ಬನುವ'ದ ಮೇಲೆ ಹೊರಿಸಲು ಪದ್ಧತಿಯು ಅವಕಾಶ ಕೊಡುವುದಿಲ್ಲ. ಜೀವನಕ್ಕೆ ಆಧಾರವಾದ ಪರಿಸರ ಎಂಬ ಹಳೆಯ ಅರ್ಥವು ಈ ಹೊಸ ಅರ್ಥಕ್ಕೆ ನೆಲ ಹದಮಾಡಿತ್ತು ಎಂದಷ್ಟೇ ಹೇಳಬಹುದು.

ಪದವೂ ಹಕ್ಕೂ

'ಫೆನುವ'ಕ್ಕೆ 'ಭೂಮಿ' ಎಂದೋ 'ಜಮೀನು' ಎಂದೋ ಅರ್ಥ ಬರೆದು ಸುಮ್ಮನಾದರೆ ಆಗುವ ನಷ್ಟವು ನಿಘಂಟಿಗೆ ಮಾತ್ರ ಸೀಮಿತವಲ್ಲ. 1840ರ ವೈತಂಗಿ ಒಪ್ಪಂದದ ಮಾವೋರಿ ಪಾಠದ ಎರಡನೆಯ ವಿಧಿಯು 'ವೆನುವ' ಎಂಬ ಅಂದಿನ ಕಾಗುಣಿತದಲ್ಲಿ ಈ ಪದವನ್ನು ಬಳಸಿ, ಮಾವೋರಿಗಳ ನೆಲ, ನೆಲೆ ಮತ್ತು ಅಮೂಲ್ಯ ವಸ್ತುಗಳ ಮೇಲೆ ಅವರ ಒಡೆತನವನ್ನು ಮಾತುಕೊಟ್ಟಿತು. 1865ರ ಕಾಯಿದೆಯಿಂದ ಬಲಗೊಂಡ ಭೂನ್ಯಾಯಾಲಯವು ಸಮುದಾಯದ ಸಾಂಪ್ರದಾಯಿಕ ಹಕ್ಕನ್ನು ವ್ಯಕ್ತಿಗಳ ಹೆಸರಿನ ಹಕ್ಕುಪತ್ರಗಳಾಗಿ ಪರಿವರ್ತಿಸಿತು. ವ್ಯಕ್ತಿಯ ಹೆಸರಿಗೆ ಬಂದ ನೆಲ ಮಾರಾಟಕ್ಕೂ ಬಂತು. 1975ರಲ್ಲಿ ಸುಮಾರು 80 ವರ್ಷದ ವೃದ್ಧೆ ವಿನಾ ಕೂಪರ್ ಅವರ ಮುಂದಾಳತನದಲ್ಲಿ ಮಾವೋರಿಗಳು ಉತ್ತರದ ತೆ ಹಾಪುವದಿಂದ ವೆಲಿಂಗ್ಟನ್ನಿನ ಸಂಸತ್ತಿನವರೆಗೆ ಕಾಲ್ನಡಿಗೆಯಲ್ಲಿ ಸಾಗಿದ್ದು ಉಳಿದ ನೆಲವನ್ನು ಉಳಿಸಿಕೊಳ್ಳಲೆಂದೇ. ಒಪ್ಪಂದದ ಉಲ್ಲಂಘನೆಗಳನ್ನು ವಿಚಾರಿಸುವ ವೈತಂಗಿ ನ್ಯಾಯಮಂಡಳಿ ರಚನೆಯಾದುದೂ ಅದೇ ವರ್ಷ. ಮಾವೋರಿಗಳು ತಮ್ಮನ್ನು 'ತಂಗತ ಫೆನುವ', ಎಂದರೆ ನೆಲದ ಜನ, ಎಂದು ಕರೆದುಕೊಳ್ಳುತ್ತಾರೆ.

ಬೋರ್ನಿಯೋದ ಇಬಾನ್ ಜನರಲ್ಲಿ ಇದೇ ಪದ 'ಮೆನುವ' ಎಂಬ ರೂಪದಲ್ಲಿದೆ. ಕಲ್ಲಿಗೆ 'ಬತು' ಎನ್ನುವ ಆ ಭಾಷೆಯಲ್ಲಿ ಇಲ್ಲಿಯೂ ಬಕಾರವೇ ಉಳಿಯಬೇಕಿತ್ತು. ಮಕಾರವಾಗಿರುವುದು ನಿಯಮಕ್ಕೆ ಹೊರತಾದ ಸಂಗತಿ. ಇಡೀ ಸಮುದಾಯವು ಒಂದೇ ಸೂರಿನಡಿ ಬಾಳುವ ನೀಳವಾದ ಸಾಲುಮನೆ, ಅದರ ಹೊಲ, ಹೊಳೆ, ಸ್ಮಶಾನ, ಬೇಟೆಯ ಕಾಡು ಎಲ್ಲವೂ ಮೆನುವದೊಳಗೆ ಬರುತ್ತವೆ. ಉಳುಮೆಯಾಗದ ಕಾಡಿನ ಮೇಲೆಯೂ ಸಮುದಾಯಕ್ಕೆ ಹಕ್ಕುಂಟೇ ಎಂಬ ಪ್ರಶ್ನೆ ಮಲೇಷ್ಯದ ನ್ಯಾಯಾಲಯಗಳಿಗೆ ಹೋಯಿತು. ಸಾರವಾಕ್ ರಾಜ್ಯದ ಕಾನೂನಿನಲ್ಲಿ ಇಂಥ ಹಕ್ಕಿಗೆ ಮಾನ್ಯತೆಯಿಲ್ಲವೆಂದು 2016ರ ಡಿಸೆಂಬರಿನಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದರ ಬಳಿಕ 2018ರಲ್ಲಿ ರಾಜ್ಯದ ಭೂಸಂಹಿತೆಗೆ ತಿದ್ದುಪಡಿ ತರಬೇಕಾಯಿತು. ಮೆನುವದೊಳಗೆ ಕಾಡು ಸೇರುತ್ತದೆಯೇ ಎಂಬುದು ಭಾಷಾವಿಜ್ಞಾನಿಯ ಪ್ರಶ್ನೆಯಷ್ಟೇ ಆಗಿ ಉಳಿಯಲಿಲ್ಲ.

ಕುಕ್ 1774ರಲ್ಲಿ 'ನ್ಯೂ ಹೆಬ್ರಿಡೀಸ್' ಎಂದು ಹೆಸರಿಟ್ಟಿದ್ದ ದ್ವೀಪಸಮೂಹವು 1906ರಿಂದ ಬ್ರಿಟನ್ ಮತ್ತು ಫ್ರಾನ್ಸ್‌ಗಳ ಜಂಟಿ ಆಡಳಿತದಲ್ಲಿತ್ತು. 1980ರ ಜುಲೈ 30ರಂದು ಸ್ವತಂತ್ರವಾದಾಗ ಆ ರಾಷ್ಟ್ರವು 'ವನುವಾಟು' ಎಂಬ ಹೆಸರನ್ನು ಆರಿಸಿಕೊಂಡಿತು. 'ವನುವ'ಕ್ಕೆ ನಿಲ್ಲು ಎಂಬರ್ಥದ 'ತು' ಸೇರಿ ಆದ ಹೆಸರದು. ದೇಶದ ನೆಲವೆಲ್ಲವೂ ಸಂಪ್ರದಾಯದಂತೆ ಅದರ ಒಡೆಯರಾದ ಮೂಲನಿವಾಸಿಗಳಿಗೂ ಅವರ ಸಂತತಿಗೂ ಸೇರಿದ್ದೆಂದು ಅದರ ಸಂವಿಧಾನವು ವಿಧಿಸುತ್ತದೆ.

'*ಬನುವ'ವನ್ನು ಉಚ್ಚರಿಸಿದ ಜನರು ಒಂದು ಅಕ್ಷರವನ್ನೂ ಬರೆದಿಡಲಿಲ್ಲ. ಅವರು ಆ ಪದದಿಂದ ಏನನ್ನು ಭಾವಿಸುತ್ತಿದ್ದರೆಂಬುದಕ್ಕೆ ಸಾಕ್ಷಿ ಹೇಳುತ್ತಿರುವವು ಅದರ ಸಂತತಿಯಾದ ಭಾಷೆಗಳು. ಮೋಟುವಿನ ರಾತ್ರಿ, ನಿಯಾಸಿನ ಆಕಾಶ, ಬತಕರ ಮೂರು ಲೋಕ, ಇಬಾನರ ಕಾಡು ಇವುಗಳನ್ನು ದಾಖಲಿಸದೆ ದೊಡ್ಡ ಭಾಷೆಗಳ ನಿಘಂಟುಗಳನ್ನು ಮಾತ್ರ ತೆರೆದಿದ್ದರೆ ಮೂಲಪದಕ್ಕೆ 'ನೆಲ' ಎಂಬ ಒಂದೇ ಅರ್ಥ ಉಳಿಯುತ್ತಿತ್ತು. ಈ ಕುಲದ ಅನೇಕ ಭಾಷೆಗಳನ್ನು ಇಂದು ಆಡುವವರು ಬೆರಳೆಣಿಕೆಯಷ್ಟು. ಅಂಥ ಒಂದು ಭಾಷೆ ದಾಖಲಾಗದೆ ಅಳಿದಾಗಲೆಲ್ಲ ಪೂರ್ವಜರ ಪದಗಳ ಪರವಾಗಿ ನುಡಿಯಬಲ್ಲ ಒಬ್ಬ ಸಾಕ್ಷಿಯೂ ಇಲ್ಲವಾಗುತ್ತಾನೆ.